ಕಂಪ್ಯೂಟರ್ ಬದಲಿಸುವ ಮುನ್ನ: ಮುದ್ರಣ ಅಂಗಡಿಗಳಿಗೊಂದು ದೋಷ ನಿವಾರಣೆ ಕೈಪಿಡಿ

ಗದಗಿಗೆ ಮುದ್ರಣ ಕಾಶಿ ಎಂಬ ಹೆಸರಿದೆ. ಅಚ್ಚುಮೊಳೆ ಜೋಡಿಸುವ ಕಾಲ ಮುಗಿದು ಎಷ್ಟೋ ವರ್ಷಗಳಾದವು. ಈಗ ಲಗ್ನಪತ್ರಿಕೆ, ಬಿಲ್ ಪುಸ್ತಕ, ಕರಪತ್ರ, ಫ್ಲೆಕ್ಸ್ ಎಲ್ಲವೂ ಮೂಲೆಯಲ್ಲಿರುವ ಒಂದೆರಡು ಕಂಪ್ಯೂಟರ್‌ಗಳಿಂದಲೇ ಹೊರಡಬೇಕು. ಗದಗ-ಬೆಟಗೇರಿ ಮತ್ತು ಹುಬ್ಬಳ್ಳಿಯ ಇಂತಹ ಅಂಗಡಿಗಳ ಯಂತ್ರಗಳನ್ನು ದುರಸ್ತಿ ಮಾಡುವುದು ನನ್ನ ಕಸುಬು. ಲಗ್ನಸರಾಯಿ ಹತ್ತಿರ ಬಂತೆಂದರೆ ನನಗೆ ಬರುವ ಫೋನುಗಳೆಲ್ಲ ಒಂದೇ ಧಾಟಿಯವು: "ಸಿಸ್ಟಮ್ ಬಹಳ ನಿಧಾನವಾಗಿದೆ, ಹೊಸದು ತೆಗೆದುಕೊಂಡುಬಿಡೋಣವೇ?"

ತೆಗೆದುಕೊಳ್ಳೋಣ. ಆದರೆ ಯಾವ ಭಾಗ ಬಳಲಿದೆ ಎಂದು ನೋಡಿಕೊಂಡು ತೆಗೆದುಕೊಳ್ಳೋಣ. ಇಡೀ ಪೆಟ್ಟಿಗೆ ಬದಲಿಸಿದ ಮೇಲೂ ಹಳೆಯ ಕಾಟವೇ ಮುಂದುವರಿದ ಅಂಗಡಿಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. ದೋಷ ಪೆಟ್ಟಿಗೆಯ ಹೊರಗಿದ್ದರೆ ಹೊಸ ಪೆಟ್ಟಿಗೆ ಏನು ಮಾಡೀತು?

ಯಾವುದಕ್ಕೂ ಕೈ ಹಾಕುವ ಮೊದಲು ಎರಡು ಕೆಲಸ ಮಾಡಿ. ನಡೆಯುತ್ತಿರುವ ಕೆಲಸಗಳನ್ನೆಲ್ಲ ಬೇರೊಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಿಡಿ. ಆಮೇಲೆ ಒಂದು ಚೀಟಿಯಲ್ಲಿ ಬರೆಯಿರಿ: ತೊಂದರೆ ಎಂದಿನಿಂದ ಇದೆ, ಯಾವ ಫೈಲ್ ತೆರೆದಾಗ ಬರುತ್ತದೆ, ದಿನದ ಯಾವ ಹೊತ್ತಿನಲ್ಲಿ ಬರುತ್ತದೆ. ಈ ಚೀಟಿ ಇದ್ದರೆ ನನ್ನಂಥವರ ಅರ್ಧ ಕೆಲಸ ಮುಗಿದಂತೆ.

ಲಕ್ಷಣ: ಫೈಲ್ ತೆರೆಯಲು, ಉಳಿಸಲು ಯುಗವೇ ಬೇಕಾಗುತ್ತದೆ

ಮೊದಲು ಯಂತ್ರವನ್ನಲ್ಲ, ಫೈಲನ್ನು ಅನುಮಾನಿಸಿ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ತೋಂಟದಾರ್ಯ ಜಾತ್ರೆಯ ಮುಂದಿನ ಒಂದು ಸಂಜೆ ಫ್ಲೆಕ್ಸ್ ಅಂಗಡಿಯೊಂದರಿಂದ ಕರೆ ಬಂತು. ಹೋಗಿ ನೋಡಿದರೆ ಡಿಸೈನ್ ಮಾಡುವ ಹುಡುಗ ಎರಡೂ ಕೈಗಳನ್ನು ಮಡಿಲಲ್ಲಿಟ್ಟು ಕುಳಿತಿದ್ದ. ಪರದೆಯ ಮೇಲೆ ನೀಲಿ ಪಟ್ಟಿ ಮುಕ್ಕಾಲು ಭಾಗಕ್ಕೆ ಬಂದು ನಿಂತುಬಿಟ್ಟಿತ್ತು. ಹತ್ತು ಅಡಿ ಎತ್ತರ, ಇಪ್ಪತ್ತು ಅಡಿ ಅಗಲದ ಬ್ಯಾನರ್. ರೆಸಲ್ಯೂಷನ್, ಅಂದರೆ ಇಂಚಿಗೆ ಇರುವ ಪಿಕ್ಸೆಲ್ ಎಂಬ ಚುಕ್ಕೆಗಳ ಎಣಿಕೆ, 300 ಇಟ್ಟಿದ್ದ. ಲಗ್ನಪತ್ರಿಕೆಗೆ ಕಲಿತ ಅಂಕಿಯನ್ನೇ ಇಲ್ಲಿಗೂ ತಂದಿದ್ದ.

ಲೆಕ್ಕ ಹಾಕಿ ನೋಡಿ. ಆ ಅಳತೆಗೆ ಇಂಚಿಗೆ 72 ಪಿಕ್ಸೆಲ್ ಇಟ್ಟರೆ 8,640 ಗುಣಿಸು 17,280, ಅಂದರೆ ಸುಮಾರು 15 ಕೋಟಿ ಪಿಕ್ಸೆಲ್. ನಾಲ್ಕು ಬಣ್ಣಗಳಿಗೆ ನಾಲ್ಕು ಬೈಟ್‌ನಂತೆ ಒಂದೇ ಪದರಕ್ಕೆ ಸುಮಾರು 600 ಎಂಬಿ. ಅದನ್ನೇ 300ಕ್ಕೆ ಏರಿಸಿದರೆ 259 ಕೋಟಿ ಪಿಕ್ಸೆಲ್, ಸುಮಾರು 10 ಜಿಬಿ! ಇನ್ನೆರಡು ಪದರ ಸೇರಿದರೆ ಯಾವ ಯಂತ್ರವಾದರೂ ಉಸಿರುಗಟ್ಟುತ್ತದೆ. ಪಿಎಸ್‌ಡಿ (ಫೋಟೋಶಾಪ್‌ನ) ಫೈಲಿಗೆ ಒಂದು ಬದಿಗೆ 30,000 ಪಿಕ್ಸೆಲ್ ಮತ್ತು ಒಟ್ಟು 2 ಜಿಬಿ ಎಂಬ ಮಿತಿಯೂ ಇದೆ. ಅದನ್ನು ದಾಟಿದರೆ ಆ ರೂಪದಲ್ಲಿ ಉಳಿಸಲಿಕ್ಕೇ ಬರುವುದಿಲ್ಲ. ರಸ್ತೆಯ ಆಚೆ ಬದಿಯಿಂದ ನೋಡುವ ಬ್ಯಾನರಿಗೆ 72 ಸಾಕು. ಅಂದು ನಾನು ಅಂಗಡಿಯಲ್ಲಿ ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ.

ಫೈಲ್ ಸರಿಯಾದ ಅಳತೆಯಲ್ಲಿದ್ದೂ ನಿಧಾನವೇ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಅದನ್ನು ತೆರೆದಿಟ್ಟುಕೊಂಡೇ ಕಾಟ ಕೊಡುವ ಫೈಲಿನಲ್ಲಿ ಕೆಲಸ ಮಾಡಿ, ಮೆಮೊರಿ, ಡಿಸ್ಕ್, ಪ್ರೊಸೆಸರ್ (ಸಿಪಿಯು) ಎಂಬ ಮೂರು ಅಂಕಿಗಳನ್ನು ಗಮನಿಸಿ.

ಮೆಮೊರಿ ಶೇ 90ರ ಆಸುಪಾಸಿಗೆ ಏರಿ, ಅದೇ ಹೊತ್ತಿಗೆ ಡಿಸ್ಕ್ ಶೇ 100ಕ್ಕೆ ಮುಟ್ಟಿದರೆ ರ‍್ಯಾಮ್ (ಕೆಲಸ ನಡೆಯುವಾಗ ಫೈಲುಗಳನ್ನು ಹಿಡಿದಿಡುವ ಮೆಮೊರಿ) ಸಾಲುತ್ತಿಲ್ಲ ಎಂದರ್ಥ. ಮೇಜಿನ ಮೇಲೆ ಜಾಗವಿಲ್ಲದೆ ಕಾಗದಗಳನ್ನು ಪದೇ ಪದೇ ಕಪಾಟಿಗೆ ಒಯ್ದು ತರುವಂತೆ ಯಂತ್ರವು ರ‍್ಯಾಮಿನಲ್ಲಿ ಹಿಡಿಸದ್ದನ್ನು ಡಿಸ್ಕಿಗೆ ಸಾಗಿಸುತ್ತಿರುತ್ತದೆ. ಮೆಮೊರಿ ಅರ್ಧವೂ ತುಂಬಿಲ್ಲ, ಆದರೂ ಡಿಸ್ಕ್ ಶೇ 100 ಎಂದು ತೋರಿಸಿದರೆ ಡಿಸ್ಕೇ ದೋಷಿ. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇರುವ ಯಂತ್ರಗಳಲ್ಲಿ ಇದನ್ನೇ ಹೆಚ್ಚಾಗಿ ನೋಡುತ್ತೇವೆ. ಮೆಮೊರಿ, ಡಿಸ್ಕ್ ಎರಡರ ಅಂಕಿಯೂ ಕಡಿಮೆ ಇದ್ದು ಪ್ರೊಸೆಸರ್ ಮಾತ್ರ ಶೇ 25ರಲ್ಲೋ 12ರಲ್ಲೋ ಕದಲದೆ ನಿಂತಿದ್ದರೆ ಅದನ್ನು ಆರಾಮ ಎಂದುಕೊಳ್ಳಬೇಡಿ. ಕೋರೆಲ್‌ಡ್ರಾದಂತಹ ತಂತ್ರಾಂಶಗಳ ಎಷ್ಟೋ ಕೆಲಸಗಳು ಪ್ರೊಸೆಸರಿನೊಳಗಿನ ಕೆಲಸಗಾರರಲ್ಲಿ ಒಬ್ಬನ, ಅಂದರೆ ಒಂದೇ ಕೋರಿನ ಮೇಲೆ ನಡೆಯುತ್ತವೆ. ನಾಲ್ವರಲ್ಲಿ ಒಬ್ಬ ಬೆವರು ಸುರಿಸುತ್ತಿದ್ದಾನೆ, ಉಳಿದ ಮೂವರು ಕೈಕಟ್ಟಿ ನಿಂತಿದ್ದಾರೆ. ಹೊಸ ಪ್ರೊಸೆಸರ್ ಕೊಳ್ಳುವಾಗ ಕೋರ್‌ಗಳ ಎಣಿಕೆಗಿಂತ ಒಂದೊಂದು ಕೋರಿನ ವೇಗವನ್ನು ಕೇಳಿ ಎನ್ನುವುದು ಇದಕ್ಕಾಗಿಯೇ.

ತಂತ್ರಾಂಶ ತೆರೆದುಕೊಳ್ಳುವುದೇ ತಡ, ತೆರೆದ ಮೇಲೆ ಸರಾಗ ಎಂದಾದರೆ ಫಾಂಟ್ ಫೋಲ್ಡರ್ ಇಣುಕಿ ನೋಡಿ. ಬೆಟಗೇರಿಯ ಒಂದು ಕಾರ್ಡ್ ಅಂಗಡಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಫಾಂಟುಗಳಿದ್ದವು. ಮಾಲೀಕರು ನಿತ್ಯ ಬಳಸುತ್ತಿದ್ದದ್ದು ಹದಿನೈದೋ ಇಪ್ಪತ್ತೋ. ಬೇಡದವನ್ನು ಬೇರೆ ಫೋಲ್ಡರಿಗೆ ಸರಿಸಿ ಇಟ್ಟುಕೊಳ್ಳಿ. ಅಳಿಸಬೇಡಿ, ಮುಂದೆ ಬೇಕಾಗುತ್ತವೆ.

ಇನ್ನು ಹಣ ಹಾಕುವ ಮಾತು. ಅಂಗಡಿಯಲ್ಲಿ ಇನ್ನೂ ತಿರುಗುವ ಡಿಸ್ಕ್ ಇದ್ದರೆ ಮೊದಲ ರೂಪಾಯಿ ತಿರುಗುವ ಭಾಗವಿಲ್ಲದ ಡಿಸ್ಕಾದ ಎಸ್‌ಎಸ್‌ಡಿಗೆ ಹೋಗಲಿ. ಹಳೆಯ ಡಿಸ್ಕ್ ಸೆಕೆಂಡಿಗೆ 100ರಿಂದ 150 ಎಂಬಿ ಓದಿದರೆ ಸಾಮಾನ್ಯ ಸಾಟಾ ಎಸ್‌ಎಸ್‌ಡಿ 500 ಎಂಬಿ ದಾಟುತ್ತದೆ. ಹತ್ತು ವರ್ಷದ ಯಂತ್ರಕ್ಕೂ ಅದು ಕೂರುತ್ತದೆ; ಆದರೆ ಅಷ್ಟು ಹಳೆಯದಕ್ಕೆ ಹಣ ಹಾಕುವ ಮುನ್ನ ಕೈಪಿಡಿಯ ಕೊನೆಯ ಭಾಗ ಓದಿ. ಎರಡನೆಯದು ರ‍್ಯಾಮ್. 32-ಬಿಟ್ ವಿಂಡೋಸ್ ಇದ್ದರೆ 4 ಜಿಬಿಗಿಂತ ಹೆಚ್ಚಿನದನ್ನು ಅದು ಬಳಸಲಾರದು. ಅದಕ್ಕೆ 16 ಜಿಬಿ ತುಂಬಿಸಿ ಬಂದವರೂ ಇದ್ದಾರೆ. ನನ್ನ ಅನುಭವದಲ್ಲಿ ಕಾರ್ಡ್ ಕೆಲಸಕ್ಕೆ 16, ಫ್ಲೆಕ್ಸ್ ಕೆಲಸಕ್ಕೆ 32 ಜಿಬಿ ಇದ್ದರೆ ಗೊಣಗುವುದು ನಿಲ್ಲುತ್ತದೆ. ಆಟಗಳಿಗೆಂದು ಮಾರುವ ದುಬಾರಿ ಗ್ರಾಫಿಕ್ಸ್ ಕಾರ್ಡ್ ಈ ಪಟ್ಟಿಯಲ್ಲೇ ಇಲ್ಲ. ಅಂಗಡಿಯ ಹೆಸರಿನಲ್ಲಿ "ಗ್ರಾಫಿಕ್ಸ್" ಇದೆ ಎಂದ ಮಾತ್ರಕ್ಕೆ ಅದು ಬೇಕಾಗುವುದಿಲ್ಲ.

ಕೊಳ್ಳುವ ಮುನ್ನ ಎರಡು ಎಚ್ಚರಿಕೆ. ಡಿಡಿಆರ್3 ಮತ್ತು ಡಿಡಿಆರ್4 ರ‍್ಯಾಮ್‌ಗಳ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ, ಒಂದು ಇನ್ನೊಂದರ ಜಾಗದಲ್ಲಿ ಕೂರದು. ಒತ್ತಿ ಕೂರಿಸಲು ಹೋಗಬೇಡಿ. ಚಿಕ್ಕ ಪಟ್ಟಿಯಂತಹ ಎಂ.2 ಎಸ್‌ಎಸ್‌ಡಿಗಳಲ್ಲಿಯೂ ಸಾಟಾ, ಎನ್‌ವಿಎಂಇ ಎಂದು ಎರಡು ಜಾತಿಗಳಿವೆ. ಕೆಲವು ಮದರ್‌ಬೋರ್ಡುಗಳ ಜಾಗ ಒಂದನ್ನು ಮಾತ್ರ ಒಪ್ಪುತ್ತದೆ. ಬೋರ್ಡಿನ ಮೇಲೆ ಮುದ್ರಿಸಿದ ಹೆಸರಿನ ಫೋಟೋ ತೆಗೆದುಕೊಂಡು ಹೋಗಿ ಕೊಂಡರೆ ಹಿಂದಿರುಗಿಸುವ ಅಲೆದಾಟ ತಪ್ಪುತ್ತದೆ.

ಲಕ್ಷಣ: ಡಿಸ್ಕಿನಿಂದ ಟಕ್ ಟಕ್ ಸದ್ದು, ಫೈಲುಗಳು ಒಮ್ಮೆ ಕಾಣುತ್ತವೆ, ಒಮ್ಮೆ ಕಾಣುವುದಿಲ್ಲ

ಇಲ್ಲಿ ಪರೀಕ್ಷೆಯ ಮಾತಿಲ್ಲ, ನಿಲ್ಲಿಸುವ ಮಾತು. ಲಯಬದ್ಧವಾಗಿ ಟಕ್ ಟಕ್ ಎನ್ನುವ ಡಿಸ್ಕಿನೊಳಗೆ ಓದುವ ತಲೆ ತನ್ನ ಜಾಗ ಸಿಗದೆ ತಡಕಾಡುತ್ತಿರುತ್ತದೆ. ಹಾಗೆಯೇ ಓಡಿಸಿದಷ್ಟೂ ಒಳಗಿನ ತಟ್ಟೆಗೆ ಗೀರು ಬೀಳಬಹುದು. ಯಂತ್ರ ಬಂದ್ ಮಾಡಿ. ದೋಷ ಸರಿಪಡಿಸುವ ತಂತ್ರಾಂಶವನ್ನೂ ಓಡಿಸಬೇಡಿ. ಡಿಸ್ಕನ್ನು ಫ್ರಿಜ್‌ನಲ್ಲಿಡುವುದು, ಮೆಲ್ಲಗೆ ತಟ್ಟುವುದು ಮುಂತಾದ ಮನೆಮದ್ದು ಬೇಡವೇ ಬೇಡ. ಅದರಲ್ಲಿರುವುದು ಹತ್ತು ವರ್ಷದ ಗಿರಾಕಿಗಳ ವಿನ್ಯಾಸಗಳಾಗಿದ್ದರೆ ನೇರವಾಗಿ ದತ್ತಾಂಶ ಮರಳಿ ಪಡೆಯುವ ಕೆಲಸ ಬಲ್ಲವರ ಕೈಗೆ ಕೊಡಿ.

ಸದ್ದಿಲ್ಲ, ಫೈಲುಗಳ ಗೋಜು ಮಾತ್ರ ಇದೆ ಎಂದಾದರೆ ಮೊದಲು ನಕಲು, ಆಮೇಲೆ ಪರೀಕ್ಷೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಡಿಸ್ಕಿನ ಆರೋಗ್ಯವನ್ನು ಬಣ್ಣದಲ್ಲಿ ಹೇಳುತ್ತದೆ. ಹಳದಿ ಬಂದರೆ ಡಿಸ್ಕಿನ ಕೆಲವು ಜಾಗಗಳು ಸತ್ತಿವೆ ಅಥವಾ ಸಾಯುವ ಅನುಮಾನವಿದೆ ಎಂದರ್ಥ. "ಇನ್ನೂ ನಡೆಯುತ್ತಿದೆಯಲ್ಲ" ಎಂದು ಹಳದಿ ಡಿಸ್ಕಿನ ಮೇಲೆ ಲಗ್ನಸರಾಯಿ ಕಳೆಯುವ ಧೈರ್ಯ ನನಗಂತೂ ಇಲ್ಲ.

ಗಿರಾಕಿಯ ಪೆನ್ ಡ್ರೈವ್ ಹಾಕಿದ ಮೇಲೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿಬಿಟ್ಟಿದ್ದರೆ ಅದು ಡಿಸ್ಕಿನ ದೋಷವಲ್ಲ, ವೈರಸ್. ಅಸಲು ಫೋಲ್ಡರುಗಳು ಸಾಮಾನ್ಯವಾಗಿ ಅಡಗಿ ಕುಳಿತಿರುತ್ತವೆ, ಅಳಿದಿರುವುದಿಲ್ಲ. ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಬೇಡಿ. ಮೊದಲು ವೈರಸ್ ತೆಗೆದು, ಅಡಗಿದ ಫೈಲ್ ತೋರಿಸುವ ಆಯ್ಕೆ ಒತ್ತಿ.

ಲಕ್ಷಣ: ಬೆಳಿಗ್ಗೆ ಚೆನ್ನಾಗಿರುತ್ತದೆ, ಮಧ್ಯಾಹ್ನವಾದರೆ ಕುಂಟುತ್ತದೆ ಅಥವಾ ತಾನೇ ಬಂದ್ ಆಗುತ್ತದೆ

ಹೊತ್ತಿಗೆ ಸರಿಯಾಗಿ ಬರುವ ದೋಷಕ್ಕೆ ಹೆಚ್ಚಾಗಿ ಬಿಸಿಯೇ ಕಾರಣ. ನಮ್ಮ ಕಡೆ ಗಾಳಿ ಜೋರು, ಮಣ್ಣು ನುಣ್ಣಗೆ. ಬಾಗಿಲು ತೆರೆದಿಟ್ಟ ಅಂಗಡಿಯ ಯಂತ್ರದಲ್ಲಿ ವರ್ಷಕ್ಕೆ ಒಂದು ಹಿಡಿ ಧೂಳು ಸೇರುವುದರಲ್ಲಿ ಆಶ್ಚರ್ಯವಿಲ್ಲ. ಕಾಗದ ಕತ್ತರಿಸುವ ಯಂತ್ರ ಪಕ್ಕದಲ್ಲೇ ಇದ್ದರೆ ಅದರ ನಾರೂ ಕೂಡಿ, ಪ್ರೊಸೆಸರಿನ ಬಿಸಿ ಹೊರಹಾಕುವ ಹೀಟ್‌ಸಿಂಕ್ ಮೇಲೆ ಕಂಬಳಿ ಹೊದಿಸಿದಂತಾಗುತ್ತದೆ. ಪ್ರೊಸೆಸರ್ 90-100 ಡಿಗ್ರಿಯ ಹತ್ತಿರ ಹೋದಾಗ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ; ಅದೂ ಸಾಲದಿದ್ದರೆ ಬಂದ್ ಆಗುತ್ತದೆ.

ಖರ್ಚಿಲ್ಲದ ಪರೀಕ್ಷೆ: ಮುಚ್ಚಳ ತೆಗೆದು, ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟು ಒಂದು ಮಧ್ಯಾಹ್ನ ಕೆಲಸ ಮಾಡಿ. ಒಳಗೆ ಕೈ ಹಾಕಬೇಡಿ. ತೊಂದರೆ ಬರಲಿಲ್ಲವಾದರೆ ಉತ್ತರ ಸಿಕ್ಕಿತು. ಧೂಳು ತೆಗೆಯುವಾಗ ಪ್ಲಗ್ ಕಿತ್ತು, ಪೆಟ್ಟಿಗೆಯನ್ನು ಹೊರಗೆ ಒಯ್ಯಿರಿ. ಬ್ಲೋವರ್ ಹಿಡಿದಾಗ ಫ್ಯಾನಿನ ಎಲೆಗಳನ್ನು ಬೆರಳಿನಿಂದ ತಡೆದು ಹಿಡಿಯಿರಿ. ಗಾಳಿಯ ರಭಸಕ್ಕೆ ಬೇಕಾಬಿಟ್ಟಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಒದ್ದೆ ಬಟ್ಟೆ ಬೇಡ. ಧೂಳು ಹೋದರೂ ಬಿಸಿ ಇಳಿಯದಿದ್ದರೆ ಪ್ರೊಸೆಸರ್ ಮೇಲೆ ಬಿಸಿ ದಾಟಿಸಲು ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿರಬಹುದು. ಅದನ್ನು ಮೊದಲ ಸಲ ಮಾಡುವವರು ಬಲ್ಲವರ ಪಕ್ಕದಲ್ಲಿ ಕುಳಿತು ಮಾಡುವುದು ಒಳ್ಳೆಯದು.

ಲಕ್ಷಣ: ಪ್ರಿಂಟ್ ಕೊಟ್ಟ ಕೂಡಲೇ ಕಂಪ್ಯೂಟರ್ ಮರುಚಾಲೂ ಆಗುತ್ತದೆ, ಪೆಟ್ಟಿಗೆ ಮುಟ್ಟಿದರೆ ಜುಮ್ ಎನ್ನುತ್ತದೆ

ಇವೆರಡೂ ವಿದ್ಯುತ್ತಿನ ಕಥೆ. ಕೈಪಿಡಿಯ ಉಳಿದೆಲ್ಲ ಬಿಟ್ಟರೂ ಇದನ್ನು ಓದಿ.

ಹುಬ್ಬಳ್ಳಿಯ ಒಂದು ಅಂಗಡಿಯವರು ಈ ಮರುಚಾಲೂ ಕಾಟಕ್ಕೆ ಕಂಪ್ಯೂಟರಿಗೆ ವಿದ್ಯುತ್ ಕೊಡುವ ಡಬ್ಬಿಯಾದ ಎಸ್‌ಎಂಪಿಎಸ್ ಬದಲಿಸಿ, ರ‍್ಯಾಮ್ ಬದಲಿಸಿ, ಕೊನೆಗೆ ಹೊಸ ಕಂಪ್ಯೂಟರಿಗೆ ಮುಂಗಡವನ್ನೂ ಕೊಟ್ಟಿದ್ದರು. ನಾನು ಹೋಗಿ ಮೇಜಿನ ಕೆಳಗೆ ಬಗ್ಗಿ ನೋಡಿದೆ. ಲೇಸರ್ ಪ್ರಿಂಟರಿನ ವೈರು ಯುಪಿಎಸ್‌ಗೆ ಸಿಕ್ಕಿಸಿತ್ತು. ಲೇಸರ್ ಪ್ರಿಂಟರಿನೊಳಗೆ ಶಾಯಿಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಫ್ಯೂಸರ್ ಇದೆ. ಅದು ಕಾಯುವಾಗ ಇಸ್ತ್ರಿಪೆಟ್ಟಿಗೆಯಂತೆ ವಿದ್ಯುತ್ತನ್ನು ಎಳೆಯುತ್ತದೆ. 600 ವಿಎ ಎಂದು ಬರೆದ ಸಾಮಾನ್ಯ ಯುಪಿಎಸ್ ನಿಜಕ್ಕೂ ಕೊಡುವುದು ಸುಮಾರು 360 ವ್ಯಾಟ್. ಪ್ಲಗ್ ಕಿತ್ತು ಗೋಡೆಯ ಸಾಕೆಟ್ಟಿಗೆ ಹಾಕಿದೆ. ಅಂದಿನಿಂದ ಆ ಯಂತ್ರ ಒಮ್ಮೆಯೂ ಮರುಚಾಲೂ ಆಗಿಲ್ಲ. ಮುಂಗಡ ವಾಪಸ್ ಬಂತೋ ಇಲ್ಲವೋ ಕೇಳಲಿಲ್ಲ.

ಪ್ರಿಂಟರ್ ಬೇರೆ ಸಾಕೆಟ್ಟಿನಲ್ಲಿದ್ದೂ ಕರೆಂಟ್ ಹೋದ ಕ್ಷಣವೇ ಕಂಪ್ಯೂಟರ್ ಆರಿದರೆ ಯುಪಿಎಸ್ ಬ್ಯಾಟರಿ ಮುಗಿದಿದೆ. ಎರಡು ಮೂರು ವರ್ಷ ಬಾಳಿದರೆ ಅದರ ಆಯುಷ್ಯ ತೀರಿತು ಎಂದೇ ತಿಳಿಯಿರಿ. ಬದಲಿಸುವಾಗ ಉಂಗುರ, ಕಡಗ ತೆಗೆದಿಡಿ. ಬ್ಯಾಟರಿಯ ಎರಡು ತುದಿಗಳನ್ನು ಲೋಹ ಕೂಡಿಸಿದರೆ ಕ್ಷಣದಲ್ಲಿ ಸುಟ್ಟ ಗಾಯವಾಗುತ್ತದೆ. ಉಬ್ಬಿದ ಅಥವಾ ಸೋರುವ ಬ್ಯಾಟರಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಈಗ ಜುಮ್ ಎನ್ನುವ ಪೆಟ್ಟಿಗೆ. "ಅದು ಎಲ್ಲ ಕಂಪ್ಯೂಟರಿನಲ್ಲೂ ಇರುತ್ತದೆ ಬಿಡಿ" ಎನ್ನುವವರ ಮಾತು ಕೇಳಬೇಡಿ. ಎಸ್‌ಎಂಪಿಎಸ್ ಒಳಗೆ ವಿದ್ಯುತ್ತಿನ ಗದ್ದಲ ಸೋಸುವ ಎರಡು ಸಣ್ಣ ಕೆಪಾಸಿಟರುಗಳು ಫೇಸ್ ಮತ್ತು ನ್ಯೂಟ್ರಲ್ ತಂತಿಗಳನ್ನು ಪೆಟ್ಟಿಗೆಯ ಲೋಹಕ್ಕೆ ಜೋಡಿಸಿರುತ್ತವೆ. ಅರ್ಥಿಂಗ್ ಸರಿ ಇದ್ದರೆ ಆ ಅಲ್ಪ ಪ್ರವಾಹ ನೆಲಕ್ಕೆ ಇಳಿದುಹೋಗುತ್ತದೆ. ಇಲ್ಲದಿದ್ದರೆ ಪೆಟ್ಟಿಗೆ 230ರ ಅರ್ಧದಷ್ಟು, ಅಂದರೆ 110-115 ವೋಲ್ಟ್‌ನಲ್ಲಿ ತೇಲುತ್ತದೆ. ಪ್ರವಾಹ ಅತ್ಯಲ್ಪವಾದ್ದರಿಂದ ಬರಿಯ ಜುಮ್. ಆದರೆ ನಾಳೆ ಬೇರೆ ತಂತಿಯೊಂದು ಸವೆದು ಲೋಹಕ್ಕೆ ತಗುಲಿದರೆ ಅದೇ ಪೆಟ್ಟಿಗೆಗೆ ಪೂರ್ತಿ 230 ವೋಲ್ಟ್ ಬರುತ್ತದೆ, ಇಳಿಯಲು ದಾರಿ ಮಾತ್ರ ಇರುವುದಿಲ್ಲ. ಆಗ ದಾರಿಯಾಗುವುದು ಮುಟ್ಟಿದವರ ಮೈ.

ಮೊದಲು ನೋಡಬೇಕಾದದ್ದು ಪ್ಲಗ್: ಮೂರನೆಯ ಪಿನ್ ಮುರಿದಿದೆಯೇ, ಎರಡು ಪಿನ್ನಿನ ವಿಸ್ತರಣೆ ಬೋರ್ಡಿಗೆ ಸಿಕ್ಕಿಸಿದೆಯೇ? ಅಲ್ಲಿ ಸರಿ ಇದ್ದರೆ ಮುಂದಿನದು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೆಲಸ. ಎರೆಮಣ್ಣಿನ ಜಾಗದಲ್ಲಿ ಬೇಸಿಗೆ ಬಂದರೆ ನೆಲ ಬಿರುಕು ಬಿಟ್ಟು ಅರ್ಥಿಂಗ್ ಗುಂಡಿ ಒಣಗುತ್ತದೆ. ಗುಂಡಿಗೆ ನೀರು ಹಾಕಿಸುವುದನ್ನು ಅಂಗಡಿಯವರು ಮರೆತಿರುತ್ತಾರೆ. ಸಾಕೆಟ್ಟಿನಲ್ಲಿ ನ್ಯೂಟ್ರಲನ್ನೇ ಅರ್ಥ್ ಪಿನ್ನಿಗೆ ಕೂಡಿಸಿ "ಸರಿಯಾಯಿತು" ಎನ್ನುವವರನ್ನು ಅಂಗಡಿಯ ಒಳಗೆ ಬಿಡಬೇಡಿ. ನ್ಯೂಟ್ರಲ್ ತಂತಿ ಎಲ್ಲಾದರೂ ಕಡಿದರೆ ಪೆಟ್ಟಿಗೆಗೆ ನೇರ ಫೇಸ್ ಬರುತ್ತದೆ.

ಫ್ಲೆಕ್ಸ್ ಯಂತ್ರ ಓಡುವಾಗ ನಡುವೆಯೇ ಕಂಪ್ಯೂಟರಿನ ಸಂಪರ್ಕ ಕಡಿಯುವುದಕ್ಕೂ ಇದೇ ಮೂಲವಿರಬಹುದು. ಫ್ಲೆಕ್ಸ್ ಹಾಳೆ ಉರುಳುತ್ತ ಉಜ್ಜಿದಾಗ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಯಂತ್ರಕ್ಕೆ ಅರ್ಥಿಂಗ್ ಇಲ್ಲದಿದ್ದರೆ ಅದು ಯುಎಸ್‌ಬಿ ತಂತಿಯ ಮೂಲಕ ನುಗ್ಗುತ್ತದೆ.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು. ಸುಟ್ಟ ವಾಸನೆ ಬಂದರೆ ಮೇನ್ ಸ್ವಿಚ್ ಆರಿಸಿ, ಡಬ್ಬಿಯನ್ನೇ ಬದಲಿಸಿ.

ಲಕ್ಷಣ: ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಗೇ ಇದೆ

ಮಾನಿಟರಿನ ವೈರು ಸಡಿಲವಾಗಿದೆಯೇ ನೋಡಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ವೈರು ಅದಕ್ಕೇ ಹೋಗಬೇಕು, ಬೋರ್ಡಿನ ಕಿಂಡಿಗಲ್ಲ. ಬೀಪ್ ಬೀಪ್ ಎಂದರೆ ಬಹುತೇಕ ರ‍್ಯಾಮ್. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು, ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಒರೆಸಿ, ಪುಡಿ ಕೊಡವಿ, ಎರಡೂ ಕಡೆ ಚಿಟಕ್ ಎನ್ನುವವರೆಗೆ ಕೂರಿಸಿ. ಎರಡಿದ್ದರೆ ಒಂದೊಂದಾಗಿ ಹಾಕಿ ನೋಡಿ.

ಲಕ್ಷಣ: ದಿನಾಂಕ ದಿನವೂ ಹಿಂದಕ್ಕೆ ಓಡುತ್ತದೆ, ಜಾಲತಾಣಗಳು ತೆರೆಯುವುದಿಲ್ಲ

ಬೋರ್ಡಿನ ಮೇಲಿರುವ ನಾಣ್ಯದಂತಹ ಸಿಆರ್2032 ಸೆಲ್ ಸತ್ತಿದೆ. ದಿನಾಂಕ ತಪ್ಪಾದ್ದರಿಂದಲೇ ಜಾಲತಾಣಗಳೂ ತೆರೆಯುವುದಿಲ್ಲ. ಗಿರ್ಮಿಟ್-ಮಿರ್ಚಿಯ ದುಡ್ಡಿನಲ್ಲಿ ಮುಗಿಯುವ ದುರಸ್ತಿ. ಇದಕ್ಕಾಗಿ ಇಡೀ ಕಂಪ್ಯೂಟರ್ ಬದಲಿಸಿದವರನ್ನು ಬಲ್ಲೆ.

ಲಕ್ಷಣ: ಹೊಸ ಯಂತ್ರದಲ್ಲಿ ಹಳೆಯ ಕನ್ನಡ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರಗಳ ಜಾತ್ರೆ

ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು ಕಂಡರೆ ಫೈಲ್ ಕೆಟ್ಟಿಲ್ಲ. ನುಡಿ, ಶ್ರೀಲಿಪಿ ಮುಂತಾದವುಗಳ ಹಳೆಯ ಫಾಂಟುಗಳು, ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಯುನಿಕೋಡ್‌ಗೆ ಮುಂಚಿನ ಪದ್ಧತಿಯವು. ಇಂಗ್ಲಿಷ್ ಅಕ್ಷರದ ಸಂಕೇತವನ್ನೇ ಇಟ್ಟುಕೊಂಡು, ಅದರ ಚಿತ್ರದ ಜಾಗದಲ್ಲಿ ಕನ್ನಡ ಬರೆದಿರುತ್ತಾರೆ. ಫಾಂಟ್ ಇಲ್ಲದಿದ್ದರೆ ಮುಖವಾಡ ಕಳಚಿದಂತೆ. ಅದೇ ಫಾಂಟನ್ನು ಹಳೆಯ ಯಂತ್ರದಿಂದ ತಂದು ಹಾಕಿದರೆ ಅಕ್ಷರಗಳು ಮರಳುತ್ತವೆ. ಮತ್ತೆ ಟೈಪ್ ಮಾಡಲು ಕೂರಬೇಡಿ. ಒಂದು ಕಂಪನಿಯ ಫಾಂಟಿನಲ್ಲಿ ಮಾಡಿದ್ದಕ್ಕೆ ಇನ್ನೊಂದರ ಫಾಂಟ್ ಹಾಕಿದರೆ ಕನ್ನಡವೇ ಕಾಣಬಹುದು, ಆದರೆ ಒತ್ತು, ಕೊಂಬು ಎಲ್ಲೆಲ್ಲೋ. ವಧುವಿನ ಹೆಸರಲ್ಲಿ ಹೀಗಾದರೆ ಇಡೀ ಕಾರ್ಡಿನ ಖರ್ಚು ನಿಮ್ಮ ತಲೆಗೆ.

ತಂತ್ರಾಂಶವೇ ತೆರೆಯದಿದ್ದರೆ ಲಾಕ್ ನೋಡಿ. ಕೆಲವು ಕನ್ನಡ ತಂತ್ರಾಂಶಗಳಿಗೂ ವಿನ್ಯಾಸವನ್ನು ಫ್ಲೆಕ್ಸ್ ಯಂತ್ರಕ್ಕೆ ಅರ್ಥವಾಗುವಂತೆ ಮಾಡುವ ರಿಪ್ ತಂತ್ರಾಂಶಗಳಿಗೂ ಕಂಪ್ಯೂಟರಿಗೆ ಸಿಕ್ಕಿಸುವ ಒಂದು ಸಣ್ಣ ಲಾಕ್ ಬರುತ್ತದೆ, ಅದಿಲ್ಲದೆ ತಂತ್ರಾಂಶ ತೆರೆಯದು. ತೀರಾ ಹಳೆಯ ಲಾಕ್ ಹಿಂದೆ ಪ್ರಿಂಟರಿಗೆ ಬಳಸುತ್ತಿದ್ದ ಪ್ಯಾರಲಲ್ ಪೋರ್ಟಿನದಾಗಿದ್ದರೆ ಹೊಸ ಬೋರ್ಡಿನಲ್ಲಿ ಅದಕ್ಕೆ ಕಿಂಡಿಯೇ ಇರುವುದಿಲ್ಲ. ಯುಎಸ್‌ಬಿ ಪರಿವರ್ತಕ ಪ್ರಿಂಟರಿಗೆ ಆದೀತು, ಲಾಕಿಗೆ ಸಾಮಾನ್ಯವಾಗಿ ಆಗದು.

ಲಕ್ಷಣ: ಪರದೆಯ ಕುಂಕುಮ ಕಾಗದದ ಮೇಲೆ ಇಟ್ಟಿಗೆಯಾಗುತ್ತದೆ

ಹೊಸ ಮಾನಿಟರ್ ಕೊಳ್ಳಬೇಡಿ, ಮೊದಲು ಫೈಲ್ ಯಾವ ಬಣ್ಣದ ಪದ್ಧತಿಯಲ್ಲಿದೆ ನೋಡಿ. ಪರದೆ ಬೆಳಕಿನ ಮೂರು ಬಣ್ಣಗಳಿಂದ ತೋರಿಸುತ್ತದೆ, ಮುದ್ರಣಕ್ಕೆ ನಾಲ್ಕು ಶಾಯಿಗಳು. ಬೆಳಕಿನ ಕೆಲವು ಹೊಳಪುಗಳು ಶಾಯಿಗೆ ಸಿಗುವುದೇ ಇಲ್ಲ. ಆರಂಭದಿಂದಲೇ ಈ ನಾಲ್ಕು ಶಾಯಿಗಳ ಪದ್ಧತಿಯಾದ ಸಿಎಂವೈಕೆಯಲ್ಲಿ ಕೆಲಸ ಮಾಡಿ, ಮಾನಿಟರಿನ ಹೊಳಪನ್ನು ಬಿಳಿ ಕಾಗದದ ಮಟ್ಟಕ್ಕೆ ಇಳಿಸಿ. ಅಷ್ಟಾದರೂ ಎರಡು ಕಂಪ್ಯೂಟರಿನಲ್ಲಿ ಎರಡು ಬಣ್ಣ ಕಂಡರೆ ಆಗ ಮಾನಿಟರ್ ಅನುಮಾನಿಸಬಹುದು.

ಲಕ್ಷಣ: ಒಂದು ಯಂತ್ರದಿಂದ ಇನ್ನೊಂದಕ್ಕೆ ಫೈಲ್ ಕಳಿಸಲು ಬಹಳ ಹೊತ್ತು

600 ಎಂಬಿ ಫೈಲಿಗೆ ಒಂದು ನಿಮಿಷದ ಹತ್ತಿರ ಹಿಡಿದರೆ ಜಾಲ 100 ಎಂಬಿಪಿಎಸ್‌ನಲ್ಲಿದೆ. ಗಿಗಾಬಿಟ್ ಆದರೆ ಆರೇಳು ಸೆಕೆಂಡ್ ಸಾಕು. ಗಿಗಾಬಿಟ್‌ಗೆ ಕೇಬಲಿನ ಎಂಟೂ ಎಳೆಗಳು ಬೇಕು. ಇಲಿ ಕಚ್ಚಿ ಒಂದು ಎಳೆ ಹೋದರೂ ವೇಗ 100ಕ್ಕೆ ಬೀಳಬಹುದು, ಯಾರಿಗೂ ಹೇಳದೆ. ಬೇರೆ ಕೇಬಲ್ ಹಾಕಿ ನೋಡಿ, ಆಮೇಲೆ ಕಂಪ್ಯೂಟರುಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್.

ಎಲ್ಲ ನೋಡಿದ ಮೇಲೂ ಕೊಳ್ಳಲೇಬೇಕಾದಾಗ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಮತ್ತು ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನಿಂದ ಈಚಿನ ಪ್ರೊಸೆಸರ್. ಅದಕ್ಕಿಂತ ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿದರೆ ವೇಗ ಬರುತ್ತದೆ, ಭದ್ರತೆ ಬರುವುದಿಲ್ಲ; ಅಂಥದನ್ನು ಬದಲಿಸುವುದೇ ಸರಿ. ಮುಂಗಡ ಕೊಡುವ ಮೊದಲು ನಿಮ್ಮ ಪ್ರಿಂಟರಿಗೆ ವಿಂಡೋಸ್ 11ರ ಡ್ರೈವರ್ ಸಿಗುತ್ತದೆಯೇ, ನಿಮ್ಮ ಪೇಜ್‌ಮೇಕರ್ ಕಾಲದ ತಂತ್ರಾಂಶ ಅಲ್ಲಿ ಏಳುತ್ತದೆಯೇ ಕೇಳಿ. ತೀರಾ ಹಳೆಯ 16-ಬಿಟ್ ತಂತ್ರಾಂಶಗಳು 64-ಬಿಟ್ ವಿಂಡೋಸಿನಲ್ಲಿ ಓಡುವುದಿಲ್ಲ.

ಹಳೆಯದನ್ನು ಅಂದೇ ವಿನಿಮಯಕ್ಕೆ ಕೊಡಬೇಡಿ. ಇಂಟರ್ನೆಟ್ ತಂತಿ ಕಿತ್ತು, ಲಾಕು, ಫಾಂಟುಗಳ ಸಮೇತ ಒಂದು ಲಗ್ನಸರಾಯಿ ಮುಗಿಯುವವರೆಗೆ ಮೂಲೆಯಲ್ಲಿ ಇರಲಿ. "ಅಕ್ಕನದು ಮಾಡಿದ್ದಿರಲ್ಲ, ಅದೇ ಕಾರ್ಡು, ಹೆಸರು ಮಾತ್ರ ಬದಲಿಸಿ" ಎನ್ನುತ್ತ ಗಿರಾಕಿ ಬಂದೇ ಬರುತ್ತಾನೆ.